ಮಾಳಿಗೆಗೆ ಮಣ್ಣು ಹಾಕುವ ಮುನ್ನ



ಬೇಸಿಗೆ ಬಂತೆಂದರೆ ನಮಗೆಲ್ಲ ಹಪ್ಪಳ, ಸಂಡಿಗೆ, ಶಾವಿಗೆಯ ಕೆಲಸ. ಅವನ್ನು ಒಣಗಿಸೋದು ಮಾಳಿಗೆಯ ಮೇಲೆ. ಆದರೆ ಆ ಮಾಳಿಗೆಯ ಯೋಗಕ್ಷೇಮ ನೋಡುವವರು ಯಾರು? ತಲೆ ಮೇಲೆ ಹನಿ ಬಿದ್ದಾಗಲೇ ಅದರ ನೆನಪು! ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ನಾವು ಪೇಟೆಯ ಆರ್.ಸಿ.ಸಿ. ಮನೆಯಲ್ಲಿದ್ದರೂ ಅತ್ತೆಯೋ ತಾಯಿಯೋ ಅಲ್ಲೇ ಮಲಗಿರುತ್ತಾರೆ.

ಯಲಬುರ್ಗಾ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಾವನವರು ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದರು. ಈ ಮಣ್ಣು ನೀರು ಬಿದ್ದ ಕೂಡಲೇ ಕದಡಿ, ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ನೀರು ಕೆಳಗಿಳಿಯದು. ಗಂಗಾವತಿ ಕಡೆ ಕಾಲುವೆ ಕೆಳಗಿನ ರೈತರು ಬೈದುಕೊಳ್ಳುವುದೂ ಇದೇ ಗುಣಕ್ಕೆ. ಹೊಲಕ್ಕೆ ಕೇಡು, ಮಾಳಿಗೆಗೆ ಲೇಸು!

ಆದರೆ ಮಣ್ಣಿಗೂ ಭಾರ ಉಂಟಲ್ಲವೇ? 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹಾಕಿದರೂ ಮೂರೂವರೆಯಿಂದ ನಾಲ್ಕು ಕ್ವಿಂಟಲ್. ಅಂದರೆ ಏಳೆಂಟು ಚೀಲ ಸಿಮೆಂಟಿನ ತೂಕ. ನೆನೆದರೆ ಇನ್ನೂ ಹೆಚ್ಚು. ಹೀಗೆ ವರ್ಷ ವರ್ಷವೂ ಏರಿಸುತ್ತಾ ಹೋದರೆ ತೊಲೆ, ಜಂತಿ ಎಷ್ಟು ಹೊತ್ತಾವು?

ಹೋದ ಬೇಸಿಗೆಯಲ್ಲಿ ನಾನು "ಅತ್ತೀ, ಮೊದಲು ಹಳೇ ಮಣ್ಣು ತೆಗಿಸೋಣ್ರಿ" ಅಂದೆ. ಅವರಿಗೆ ಸಿಟ್ಟೇ ಬಂತು. "ನಿಮ್ಮ ಮಾವ ತಮ್ಮ ಕೈಯಾರೆ ಹಾಕಿದ ಮಣ್ಣು ಐತವಾ ಅದು" ಎಂದು ಕಣ್ಣೀರು ತಂದರು. ಎರಡು ದಿನ ಒಪ್ಪಲಿಲ್ಲ. ಕೊನೆಗೆ ಕೆಲಸದವರು ಕೆರೆದು ನೋಡಿದರೆ ಮಣ್ಣು ಮೊಳದುದ್ದ ದಪ್ಪ! ಗೋಡೆಯೊಳಗೆ ಹೋದ ತೊಲೆಯ ತುದಿಗೆ ಗೆದ್ದಲು ಹತ್ತಿ, ಕುಡಗೋಲು ಚುಚ್ಚಿದರೆ ಬೆಣ್ಣೆಯಂತೆ ಒಳಗಿಳಿಯಿತು. ಅದರ ಕೆಳಗೇ ಅತ್ತೆಯ ಹೊರಸು.

2009ರ ಸೆಪ್ಟೆಂಬರ್ ಕೊನೆಗೆ ಬಿಡದೆ ಸುರಿದ ಮಳೆ ನೆನಪಿದೆಯಲ್ಲ? ನಮ್ಮ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಎಷ್ಟೊಂದು ಬಿದ್ದವು. ಅದಕ್ಕೇ ಈ ಮಾತುಗಳನ್ನು ಮನಸ್ಸಿನಲ್ಲಿಡಿ:

1. ಮೊದಲು ಒಳಗಿನಿಂದ ತೊಲೆ, ಜಂತಿ ನೋಡಿಸಿ. ಗೋಡೆ ಸೇರುವ ತುದಿಯೇ ಬೇಗ ಕೊಳೆಯುವುದು. ಚುಚ್ಚಿ ನೋಡಿ, ಬಡಿದು ಸದ್ದು ಕೇಳಿ. ಕೆಟ್ಟಿದ್ದರೆ ಬಡಗಿಯನ್ನು ಕರೆಸದೆ ಮಾಳಿಗೆ ಮುಟ್ಟಬೇಡಿ.

2. ಎಷ್ಟು ಹೊಸ ಮಣ್ಣು ಹಾಕುವಿರೋ ಕನಿಷ್ಠ ಅಷ್ಟು ಹಳೆಯದನ್ನು ಕೆರೆದು ಇಳಿಸಿ. ಹುಲ್ಲು, ಗಿಡವನ್ನು ಬೇರುಸಹಿತ ಕೀಳಿಸಿ. ಬೇರು ಹೋದ ದಾರಿಯಲ್ಲೇ ನೀರೂ ಇಳಿಯುತ್ತದೆ.

3. ಸವಳು ಮಣ್ಣಿನ ಕಲ್ಲು ಆರಿಸಿ, ಎರಡು ಬೆರಳು ದಪ್ಪ ಹರವಿ, ನೀರು ಚಿಮುಕಿಸಿ ಕೊಡತಿಯಿಂದ ಬಡಿಸಿ. ಇಳಿಜಾರು ಹರನಾಳಿಗೆಯ ಕಡೆಗಿರಲಿ.

4. ಹರನಾಳಿಗೆಯ ಕಸ ತೆಗೆಯಿರಿ. ಅದರ ಬಾಯಿ ಗೋಡೆಯಿಂದ ಒಂದು ಗೇಣಾದರೂ ಮುಂದಿರಲಿ. ನೀರು ಗೋಡೆಗೆ ತಾಗಬಾರದು.

5. ಮಣ್ಣಿನ ಮೇಲೆ ಸಿಮೆಂಟ್ ಬಳಿಸಬೇಡಿ. ಮಣ್ಣು ಉಬ್ಬಿ ಕುಗ್ಗುವಾಗ ಸಿಮೆಂಟ್ ಬಿರಿಯುತ್ತದೆ, ಒಳಗೆ ಹೋದ ನೀರು ಆರುವುದಿಲ್ಲ.

6. ಎರಡು ಮೂರು ದಿನ ಜಡಿಮಳೆ ಹಿಡಿದಾಗ ಮೇಲಿನಿಂದ ಮಣ್ಣು ಉದುರಿದರೆ, ಕಟ್ಟಿಗೆ ಲಟಲಟ ಅಂದರೆ, ಬಾಗಿಲು ಹಠಾತ್ತನೆ ಬಿಗಿಯಾದರೆ ಸಾಮಾನಿನ ಆಸೆ ಬಿಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಬನ್ನಿ.

ತೊಲೆ ಬದಲಾಯಿಸಿದೆವು. ತೆಗೆದ ಮಣ್ಣನ್ನು ಅತ್ತೆ ಹೊರಗೆ ಚೆಲ್ಲಗೊಡಲಿಲ್ಲ. ಅಂಗಳದ ತಗ್ಗಿಗೆ ಹಾಕಿಸಿದರು. ಆ ಮಳೆಗಾಲ ಮನೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. "ಅವ್ರು ಇದ್ದಿದ್ರೂ ಹಿಂಗ ಮಾಡಸ್ತಿದ್ರು ಬಿಡವಾ" ಅಂದರು ಅತ್ತೆ. ನನಗೆ ಅಷ್ಟೇ ಸಾಕಾಯಿತು.