ಒತ್ತಿದ್ದೆಲ್ಲ ಒಪ್ಪಿಗೆಯಲ್ಲ

ಗಣಕದ ಒಡೆಯ ಬೇಡದಿದ್ದರೂ ಒಳಗೆ ಸೇರಿಕೊಂಡು, ಅವನ ಕೆಲಸದ ನಡುವೆ ಜಾಹೀರಾತು ತೋರಿಸಿ, ಬೇರೆ ಯಾರಿಗೋ ಹಣ ಗಳಿಸಿಕೊಡುವ ತಂತ್ರಾಂಶಕ್ಕೆ ಆಡ್‌ವೇರ್ ಎಂದು ಹೆಸರು. ಇದು ಕಡತ ಅಳಿಸುವುದಿಲ್ಲ, ಯಂತ್ರಕ್ಕೆ ಬೀಗ ಹಾಕಿ ದುಡ್ಡು ಕೇಳುವುದಿಲ್ಲ. ಅದಕ್ಕೇ ಜನ ವೈರಸ್ಸಿಗೆ ಹೆದರಿದಷ್ಟು ಇದಕ್ಕೆ ಹೆದರುವುದಿಲ್ಲ. ಬ್ರೌಸರ್ ತೆರೆದರೆ ಯಾರೂ ಇಟ್ಟಿರದ ಮುಖಪುಟ ಬರುತ್ತದೆ. ಒಂದು ಪದ ಹುಡುಕಿದರೆ ಹೆಸರೇ ಕೇಳಿರದ ಹುಡುಕುತಾಣಕ್ಕೆ ಎಳೆದೊಯ್ಯುತ್ತದೆ. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಕೆಂಪು ಚೀಟಿ ಮತ್ತೆ ಮತ್ತೆ ಏಳುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಗಣಕವೆಂದರೆ ಹೆಚ್ಚಾಗಿ ದುಡಿಮೆಯ ಯಂತ್ರ. ಆನ್‌ಲೈನ್ ಸೆಂಟರಿನಲ್ಲಿ ಅದು ಪಹಣಿ ತೆಗೆಯುತ್ತದೆ, ಶೇಂಗಾ ಬೆಳೆಗಾರರ ಬೆಳೆವಿಮೆ ಅರ್ಜಿ ತುಂಬುತ್ತದೆ, ಹುಡುಗರ ವಿದ್ಯಾರ್ಥಿವೇತನದ ದಾಖಲೆ ಏರಿಸುತ್ತದೆ. ಮಂಡಿಯಲ್ಲಿ ಟ್ಯಾಲಿ ಲೆಕ್ಕ ಇಡುತ್ತದೆ. ಇಂಥ ಯಂತ್ರಕ್ಕೆ ಆಡ್‌ವೇರ್ ಹೊಕ್ಕಾಗ ಎರಡು ಮಾತು ಕೇಳಿಬರುತ್ತವೆ. ‘ಕಂಡಕಂಡದ್ದನ್ನೆಲ್ಲ ಒತ್ತಿದರೆ ಇನ್ನೇನಾಗುತ್ತೆ’ ಎಂಬುದು ಒಂದು. ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬುದು ಇನ್ನೊಂದು. ಮೊದಲನೆಯದು ಮೋಸ ಹೋದವನನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಎರಡನೆಯದು ಕಾರಣ ಹುಡುಕುವ ಕೆಲಸವನ್ನೇ ಕೈಬಿಡುತ್ತದೆ. ಆಡ್‌ವೇರ್ ಬದುಕಿರುವುದು ಮರೆಮಾಚಿ ಪಡೆದ ಒಪ್ಪಿಗೆಯ ಮೇಲೆ. ಆ ಒಪ್ಪಿಗೆಯನ್ನು ಎಲ್ಲೆಲ್ಲಿ ಕಸಿದುಕೊಂಡಿತೋ ಅಲ್ಲಲ್ಲಿಗೇ ಹೋಗಿ ವಾಪಸು ಪಡೆಯಬೇಕು. ಬಿಡಿಸಿಕೊಳ್ಳುವ ದಾರಿ ಇದೇ.

ಒಳಗೆ ಬರುವ ಬಗೆಯನ್ನು ಮೊದಲು ನೋಡಬೇಕು. ಆಡ್‌ವೇರ್ ಬಹಳ ಸಲ ಒಂಟಿಯಾಗಿ ಬರುವುದಿಲ್ಲ. ಬೇಕಾದ ತಂತ್ರಾಂಶದ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ‘ನುಡಿ’ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿ ಉಚಿತವಾಗಿ ಕೊಟ್ಟ ತಂತ್ರಾಂಶ ಅದು. ಸರ್ಕಾರಿ ಕಚೇರಿಗಳ ಹಳೆಯ ಕಡತಗಳು ಎಷ್ಟೋ ಅದರ ಅಕ್ಷರಗಳಲ್ಲೇ ಇವೆ. ಹುಡುಕುತಾಣದಲ್ಲಿ ಅದರ ಹೆಸರು ಬರೆದರೆ ಪರಿಷತ್ತಿನ ತಾಣದ ಜೊತೆಗೆ, ಪರಿಷತ್ತಿಗೆ ಸಂಬಂಧವೇ ಇಲ್ಲದ ಡೌನ್‌ಲೋಡ್ ತಾಣಗಳೂ ಸಾಲುಗಟ್ಟುತ್ತವೆ. ಅಂಥ ಪುಟದಲ್ಲಿ ‘ಡೌನ್‌ಲೋಡ್’ ಎಂದು ಬರೆದ ಹಸಿರು ಗುಂಡಿ ಮೂರೋ ನಾಲ್ಕೋ ಇರುತ್ತವೆ. ನಿಜವಾದದ್ದು ಅವುಗಳ ನಡುವಿನ ಸಣ್ಣಕ್ಷರದ ಕೊಂಡಿ, ಉಳಿದವು ಜಾಹೀರಾತು.

ಇಳಿಸಿಕೊಂಡ ಕಡತವನ್ನು ತೆರೆದರೆ ಪರದೆಗಳು ಒಂದರ ಹಿಂದೊಂದು ಬರುತ್ತವೆ. ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಎರಡರಲ್ಲಿ ‘ನೆಕ್ಸ್ಟ್’ ಗುಂಡಿ ಬಲಗಡೆ ಕೆಳಗಿರುತ್ತದೆ. ಮೂರನೆಯ ಪರದೆಯಲ್ಲೂ ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ ಒಂದು ಗುಂಡಿ. ಆದರೆ ಈ ಸಲ ಅದರ ಮೇಲಿರುವುದು ‘ಅಕ್ಸೆಪ್ಟ್’. ಮೇಲೆ ಬೇರೊಂದು ಟೂಲ್‌ಬಾರಿನ ಹೆಸರು, ಆಗಲೇ ಗೀಟು ಹಾಕಿಟ್ಟ ಚೌಕ, ಬೇಡ ಎನ್ನಲು ಮಂಕು ಬಣ್ಣದ ಪದ. ಕೈ ರೂಢಿಯ ಮೇಲೆ ಒತ್ತಿಬಿಡುತ್ತದೆ. ಹೊರಗೆ ಹತ್ತು ಜನ ಪಹಣಿಗೆ ನಿಂತಿರುವಾಗ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಆ ಪರದೆಯನ್ನು ಅಕ್ಷರ ಅಕ್ಷರ ಓದಲಿಲ್ಲ ಎಂದು ದೂರುವುದು ಅನ್ಯಾಯ. ಪರದೆಯನ್ನು ಹಾಗೆ ಜೋಡಿಸಿದ್ದೇ ಯಾರೂ ಓದಬಾರದೆಂದು.

ಇದು ಕಳ್ಳ ತಾಣಗಳ ಕಸುಬು ಮಾತ್ರ ಎನ್ನುವಂತಿಲ್ಲ. 2011ರಲ್ಲಿ ಸಿನೆಟ್ ಕಂಪನಿಯ ಡೌನ್‌ಲೋಡ್ ತಾಣ ‘ಎನ್‌ಮ್ಯಾಪ್’ ಎಂಬ ಉಚಿತ ತಂತ್ರಾಂಶಕ್ಕೆ ತನ್ನದೊಂದು ಹೊದಿಕೆ ಸುತ್ತಿ ಟೂಲ್‌ಬಾರ್ ಸೇರಿಸಿತ್ತು. ಎನ್‌ಮ್ಯಾಪ್ ಬರೆದ ಗಾರ್ಡನ್ ಲಿಯಾನ್ ಅದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 2015ರಲ್ಲಿ ಸೋರ್ಸ್‌ಫೋರ್ಜ್ ತಾಣದ ಮೇಲೆ ‘ಗಿಂಪ್’ ಎಂಬ ತಂತ್ರಾಂಶದ ವಿಷಯದಲ್ಲಿ ಇಂಥದೇ ದೂರು ಬಂತು. ಜಾವಾದ ಜೊತೆ ‘ಆಸ್ಕ್’ ಟೂಲ್‌ಬಾರ್ ವರ್ಷಗಟ್ಟಲೆ ಬಂತು. 2017ರ ಜೂನಿನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ‘ಫೈರ್‌ಬಾಲ್’ ಎಂಬ ಆಡ್‌ವೇರ್ ಜಗತ್ತಿನ 25 ಕೋಟಿ ಗಣಕಗಳನ್ನು ಹೊಕ್ಕಿದೆ, ಅದರಲ್ಲಿ 2.53 ಕೋಟಿ ಭಾರತದವು, ಬೇರಾವ ದೇಶದಲ್ಲೂ ಇಷ್ಟಿಲ್ಲ ಎಂದು ಹೇಳಿತು. ಮೈಕ್ರೋಸಾಫ್ಟ್ ಆ ಲೆಕ್ಕ ಅತಿಯಾಯಿತು ಎಂದಿತು. ಸಂಖ್ಯೆಯ ಜಗಳ ಏನೇ ಇರಲಿ, ಫೈರ್‌ಬಾಲ್ ಬಂದದ್ದೂ ಉಚಿತ ತಂತ್ರಾಂಶಗಳ ಬೆನ್ನೇರಿಯೇ.

‘ಒತ್ತಿದವನದೇ ತಪ್ಪು’ ಎಂಬ ಮಾತನ್ನು ಸೂಪರ್‌ಫಿಶ್ ಪ್ರಕರಣ ಬುಡಸಮೇತ ಕೀಳುತ್ತದೆ. 2014ರ ಕೊನೆಯ ತಿಂಗಳುಗಳಲ್ಲಿ ಮಾರಿದ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಆ ಆಡ್‌ವೇರ್ ಕಾರ್ಖಾನೆಯಿಂದಲೇ ಕೂತಿತ್ತು. ಸುರಕ್ಷಿತ ತಾಣಗಳಲ್ಲೂ ಜಾಹೀರಾತು ತುರುಕುವ ಸಲುವಾಗಿ ಅದು ಗಣಕದಲ್ಲಿ ತನ್ನದೇ ನಕಲಿ ಪ್ರಮಾಣಪತ್ರ ಇಟ್ಟುಕೊಂಡಿತ್ತು, ಮತ್ತು ಎಲ್ಲ ಯಂತ್ರಗಳಿಗೂ ಒಂದೇ ಗುಪ್ತಕೀಲಿ. ಆ ಕೀಲಿ ಕೈಗೆ ಸಿಕ್ಕವನು ಅದೇ ವೈಫೈಯಲ್ಲಿ ಕೂತು ಇನ್ನೊಬ್ಬರ ಬ್ಯಾಂಕ್ ವ್ಯವಹಾರ ಓದಬಹುದಿತ್ತು. 2015ರ ಫೆಬ್ರವರಿಯಲ್ಲಿ ವಿಷಯ ಬಯಲಾಯಿತು. 2017ರಲ್ಲಿ ಲೆನೊವೊ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆ ಲ್ಯಾಪ್‌ಟಾಪ್ ಕೊಂಡವರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಬರೀ ಜಾಹೀರಾತು ತಾನೇ ಎಂಬ ಸಮಾಧಾನಕ್ಕೂ ಇದೇ ಉತ್ತರ.

ಮರೆಮಾಚಿ ಪಡೆದದ್ದು ಒಪ್ಪಿಗೆಯಲ್ಲ ಎಂಬುದನ್ನು ಚಳ್ಳಕೆರೆಯವರಿಗೆ ತಿಳಿಸಲು ಎಣ್ಣೆಯ ಮಾತು ಸಾಕು. ಶೇಂಗಾ ಎಣ್ಣೆಯ ಗಿರಣಿಗಳಿಂದ ‘ಆಯಿಲ್ ಸಿಟಿ’ ಎಂದು ಹೆಸರಾದ ಊರು ಅದು. ಶೇಂಗಾ ಎಣ್ಣೆಗೆ ಅಗ್ಗದ ಪಾಮ್ ಎಣ್ಣೆ ಗುಟ್ಟಾಗಿ ಬೆರೆಸಿದರೆ ಅದನ್ನು ಕಲಬೆರಕೆ ಎನ್ನುತ್ತಾರೆ. ಎಣ್ಣೆ ಬೆರೆಸುವುದೇ ಅಪರಾಧವಲ್ಲ. ಎರಡು ಖಾದ್ಯ ತೈಲ ಕೂಡಿಸಿ ಮಾರಲು ಕಾನೂನು ಬಿಡುತ್ತದೆ. ಆದರೆ ಅದನ್ನು ಬಿಡಿಯಾಗಿ ಅಳೆದು ಕೊಡುವಂತಿಲ್ಲ, ಯಾವ ಎಣ್ಣೆ ಶೇಕಡಾ ಎಷ್ಟು ಎಂದು ಪೊಟ್ಟಣದ ಮೇಲೆ ಬರೆಯಲೇಬೇಕು. ಬೆರೆಸಿದ್ದನ್ನು ಬಚ್ಚಿಟ್ಟು ಮಾರಿದವನು, ‘ಕೊಳ್ಳುವವರು ಕೇಳಲಿಲ್ಲ, ಡಬ್ಬಿ ಎತ್ತಿಕೊಂಡು ಹೋದರು, ಅಂದರೆ ಒಪ್ಪಿದರು’ ಎಂದು ವಾದಿಸಿದರೆ ಆ ಪೇಟೆಯಲ್ಲಿ ಯಾರೂ ಕಿವಿಗೊಡುವುದಿಲ್ಲ. ಅಡುಗೆಮನೆಯಲ್ಲಿ ಒಪ್ಪದ ವಾದವನ್ನು ಗಣಕದಲ್ಲಿ ಮಾತ್ರ ಒಪ್ಪಬೇಕಾದ ಕಾರಣವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ನುಡಿ ಬೇಕೆಂದು ಒತ್ತಿದವನೂ ಟೂಲ್‌ಬಾರ್ ಹೊಂದಿಸಿದವನೂ ಒಂದೇ ವಿಷಯವನ್ನು ಒಪ್ಪಲಿಲ್ಲ.

ಎದುರು ವಾದದಲ್ಲಿ ಒಂದನ್ನು ಗೌರವದಿಂದ ಕೇಳಬೇಕು. ಉಚಿತ ತಂತ್ರಾಂಶ ಬರೆಯುವವರಿಗೂ ಹೊಟ್ಟೆಪಾಡಿದೆ. ಕನ್ನಡದ ಪತ್ರಿಕೆಗಳು ಓದುಗ ಕೊಡುವ ಬೆಲೆಯಿಂದಷ್ಟೇ ನಡೆಯುವುದಿಲ್ಲ, ಜಾಹೀರಾತು ಆ ಭಾರ ಹೊರುತ್ತದೆ. ಕನ್ನಡದ ಸುದ್ದಿತಾಣಗಳ ಕಥೆಯೂ ಅದೇ. ಹಾಗಿರುವಾಗ ಜಾಹೀರಾತನ್ನೇ ಶತ್ರುವೆಂದರೆ ಉಚಿತವಾಗಿ ಸಿಗುವ ಒಳ್ಳೆಯದೂ ಬತ್ತಿಹೋಗುತ್ತದೆ. ಇದು ನಿಜ, ಇದಕ್ಕೆ ತೂಕವಿದೆ. ಆದರೆ ಪತ್ರಿಕೆಯ ಜಾಹೀರಾತು ಪತ್ರಿಕೆಯ ಪುಟದಲ್ಲೇ ಇರುತ್ತದೆ, ಮಡಿಚಿಟ್ಟರೆ ಮುಗಿಯಿತು. ಅದು ಓದುಗನ ಮನೆಯ ಬಾಗಿಲಿಗೆ ಹೊಸ ಬೀಗ ಹಾಕುವುದಿಲ್ಲ, ಅವನು ಮುಂದೆ ಯಾವ ಅಂಗಡಿಗೆ ಹೋಗುತ್ತಾನೆಂದು ಹಿಂಬಾಲಿಸುವುದಿಲ್ಲ. ಆಡ್‌ವೇರ್ ಮುಖಪುಟ ಬದಲಿಸುತ್ತದೆ, ಹುಡುಕಾಟವನ್ನು ತಿರುಗಿಸುತ್ತದೆ, ತೆಗೆದರೂ ಮತ್ತೆ ಮೊಳೆಯುವಂತೆ ಬೇರು ಬಿಡುತ್ತದೆ. ತೋರಿಸುವುದಕ್ಕೂ ನುಗ್ಗುವುದಕ್ಕೂ ನಡುವೆ ಇರುವ ಗೆರೆ ಇದು.

ಈಗ ತೆಗೆಯುವ ಕ್ರಮ. ಮೊದಲು ರೋಗ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಮೂಲೆಯಲ್ಲಿ ಏಳುವ ಚೀಟಿಯಲ್ಲಿ ಬ್ರೌಸರಿನ ಹೆಸರೂ ಯಾವುದೋ ತಾಣದ ವಿಳಾಸವೂ ಸಣ್ಣದಾಗಿ ಇದ್ದರೆ ಅಲ್ಲಿ ತಂತ್ರಾಂಶವೇ ಹೊಕ್ಕಿಲ್ಲ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ನಂಬಿಸಿ ಒಂದು ತಾಣ ನೋಟಿಫಿಕೇಶನ್ ಕಳಿಸುವ ಅನುಮತಿ ಪಡೆದಿದೆ, ಅಷ್ಟೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದುಹಾಕಿದರೆ ಆ ಕೆಂಪು ಚೀಟಿ ನಿಂತುಹೋಗುತ್ತದೆ. ಹೊಸ ತಾಣಗಳು ಅನುಮತಿ ಕೇಳುವುದನ್ನೇ ಅಲ್ಲಿ ನಿಲ್ಲಿಸಿಬಿಡಬಹುದು. ಎರಡು ನಿಮಿಷದ ಕೆಲಸ. ಇದಕ್ಕೂ ಫಾರ್ಮ್ಯಾಟ್ ಹೊಡೆಸಿದವರಿದ್ದಾರೆ.

ಅಷ್ಟಕ್ಕೆ ನಿಲ್ಲದಿದ್ದರೆ ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನು ನೋಡಬೇಕು. ಯಾರು ಹಾಕಿದರೆಂದು ನೆನಪಿಲ್ಲದ್ದನ್ನೆಲ್ಲ ತೆಗೆದು, ಮುಖಪುಟವನ್ನೂ ಹುಡುಕುತಾಣವನ್ನೂ ಮೊದಲಿನಂತೆ ಮಾಡಬೇಕು. ಆಮೇಲೆ ವಿಂಡೋಸ್‌ನ ಆ್ಯಪ್ಸ್ ಪಟ್ಟಿಯನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡರೆ ಕಾಟ ಶುರುವಾದ ದಿನವೇ ಸೇರಿಕೊಂಡವು ಒಂದೇ ಗುಂಪಾಗಿ ಕಾಣುತ್ತವೆ. ಅವನ್ನು ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಬೇಕು. ಡೆಸ್ಕ್‌ಟಾಪಿನ ಬ್ರೌಸರ್ ಚಿಹ್ನೆಯ ಪ್ರಾಪರ್ಟೀಸ್ ತೆರೆದು ‘ಟಾರ್ಗೆಟ್’ ಸಾಲಿನ ಬಾಲದಲ್ಲಿ ಯಾವುದಾದರೂ ತಾಣದ ವಿಳಾಸ ಅಂಟಿದೆಯೇ ನೋಡಬೇಕು. ಎಲ್ಲ ತೆಗೆದರೂ ಮುಖಪುಟ ಮತ್ತೆ ಮತ್ತೆ ಬದಲಾಗುವುದಕ್ಕೆ ಎಷ್ಟೋ ಸಲ ಈ ಬಾಲವೇ ಕಾರಣ. ಮರುದಿನ ಮತ್ತೆ ಮೊಳೆತರೆ ಟಾಸ್ಕ್ ಶೆಡ್ಯೂಲರಿನಲ್ಲೂ ಸ್ಟಾರ್ಟಪ್ ಪಟ್ಟಿಯಲ್ಲೂ ಬೇರು ಇರುತ್ತದೆ.

ಕೈಕೆಲಸ ಮುಗಿದ ಮೇಲೆ ಶೋಧಕ ತಂತ್ರಾಂಶ ಓಡಿಸಬೇಕು. ವಿಂಡೋಸ್‌ನಲ್ಲೇ ಇರುವ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಒಂದು. 2016ರಿಂದ ಮಾಲ್‌ವೇರ್‌ಬೈಟ್ಸ್ ಕಂಪನಿಯ ಕೈಯಲ್ಲಿರುವ ‘ಆಡ್‌ಡಬ್ಲ್ಯೂಕ್ಲೀನರ್’ ಇನ್ನೊಂದು. ಅದು ಉಚಿತ, ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಕೇಂದ್ರ ಸರ್ಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಸಾಧನಗಳನ್ನು ಕೊಡುತ್ತದೆ. ‘ಪಿಸಿ ವೇಗ ಹೆಚ್ಚಿಸುತ್ತೇವೆ’ ಎನ್ನುವ ಕ್ಲೀನರುಗಳ ಹತ್ತಿರವೂ ಸುಳಿಯಬಾರದು. ಕೊನೆಗೆ ಬೇರೊಂದು ಶುದ್ಧ ಯಂತ್ರದಲ್ಲಿ ಕೂತು ಮಿಂಚಂಚೆಯ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಬೇಕು.

ಫಾರ್ಮ್ಯಾಟ್ ಹೊಡೆಯುವವರ ಪರವಾಗಿಯೂ ಹೇಳಬೇಕಾದದ್ದಿದೆ. ಅಂಗಡಿಯವನಿಗೆ ದಿನಕ್ಕೆ ಹತ್ತು ಯಂತ್ರ ಬರುತ್ತವೆ. ಒಂದೊಂದರ ಬೇರನ್ನೂ ಹುಡುಕುತ್ತ ಕೂತರೆ ಕೂಲಿ ಹುಟ್ಟುವುದಿಲ್ಲ. ಡಿಸ್ಕ್ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದರೆ ಆಡ್‌ವೇರ್ ಹೋಗುವುದೂ ಖಂಡಿತ. ಆದರೆ ಜೊತೆಗೆ ಮಂಡಿಯ ಟ್ಯಾಲಿ ಲೆಕ್ಕವೂ ಹೋಗಬಹುದು. ಬ್ರೌಸರಿಗೆ ಅದೇ ಖಾತೆಯಿಂದ ಲಾಗಿನ್ ಆದ ಕೂಡಲೇ ಸಿಂಕ್ ಹಳೆಯ ಎಕ್ಸ್‌ಟೆನ್ಷನ್ನನ್ನು ಮತ್ತೆ ತಂದು ಕೂರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಹೊಸ ವಿಂಡೋಸ್ ಜೊತೆ ಅದೇ ಪೆನ್‌ಡ್ರೈವಿನಿಂದ ಅವೇ ಕ್ರ್ಯಾಕ್ ಮಾಡಿದ ತಂತ್ರಾಂಶಗಳು ಒಳಬರುತ್ತವೆ. ಕಳ್ಳ ಆಕ್ಟಿವೇಟರುಗಳು ಎಷ್ಟೋ ಸಲ ಮೊದಲು ಕೇಳುವುದೇ ಆ್ಯಂಟಿವೈರಸ್ ಆರಿಸಿ ಎಂದು. ಕಾವಲುಗಾರನನ್ನು ಹೊರಗೆ ಕಳಿಸಿ ಬಾಗಿಲು ತೆಗೆದ ಮೇಲೆ ಫಾರ್ಮ್ಯಾಟ್ ಮಾಡಿಯೂ ಏನೂ ಗಿಟ್ಟುವುದಿಲ್ಲ.

ಬಾರದಂತೆ ತಡೆಯುವುದರಲ್ಲಿ ಮುಖ್ಯವಾದದ್ದು ಮೂಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯನ್ನು ಅರಿತವರು ಮಗ್ಗದವರಿಂದಲೋ ಸಹಕಾರ ಸಂಘದಿಂದಲೋ ಕೊಳ್ಳುತ್ತಾರೆ, ಹೆಸರು ಹೇಳಿ ಮಾರುವ ಎಲ್ಲರಿಂದಲೂ ಅಲ್ಲ. ತಂತ್ರಾಂಶವನ್ನೂ ಬರೆದವರಿಂದಲೇ ಪಡೆಯಬೇಕು. ಯೂನಿಕೋಡ್ ಕನ್ನಡ ಟೈಪಿಸಲು ಹೊರಗಿನದೇನೂ ಇಳಿಸಿಕೊಳ್ಳಬೇಕಾಗಿಲ್ಲ. 2019ರಿಂದ ವಿಂಡೋಸ್ 10ರೊಳಗೇ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ. ಅನುಸ್ಥಾಪನೆಯಲ್ಲಿ ‘ಕಸ್ಟಮ್’ ಆಯ್ದುಕೊಂಡರೆ ಬಚ್ಚಿಟ್ಟ ಚೌಕಗಳು ಕಣ್ಣಿಗೆ ಬೀಳುತ್ತವೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಸೌಲಭ್ಯವಿದೆ. ಅದು ಚಾಲೂ ಇದೆಯೇ ನೋಡಿಕೊಳ್ಳಬೇಕು. ಆನ್‌ಲೈನ್ ಸೆಂಟರುಗಳಿಗೆ ಇನ್ನೂ ದೊಡ್ಡ ರಕ್ಷಣೆ ಬೇರೆಯದೇ: ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ, ಅಡ್ಮಿನ್ ಪಾಸ್‌ವರ್ಡ್ ಮಾಲೀಕನ ಬಳಿ ಮಾತ್ರ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇಂಥ ಕಡೆ ಬೇಕೇ ಬೇಕು, ಏಕೆಂದರೆ ನಕಲಿ ಡೌನ್‌ಲೋಡ್ ಗುಂಡಿಗಳು ಬರುವುದೇ ಜಾಹೀರಾತಿನ ರೂಪದಲ್ಲಿ. ನಂಬಿಕೆಯ ಕನ್ನಡ ಸುದ್ದಿತಾಣಗಳಿಗೆ ಅದರಲ್ಲೇ ವಿನಾಯಿತಿ ಕೊಡಬಹುದು, ಕೊಡಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಒಂದು ಇನ್‌ಸ್ಟಾಲ್ ಪರದೆಯನ್ನು ಓದುವುದು ಹೇಗೆ ಎಂಬ ಒಂದು ಗಂಟೆಯ ಪಾಠ ಅಲ್ಲಿಂದ ಶಾಲೆಗಳಿಗೆ ಹೋದರೆ ಈ ಸೀಮೆಗೆ ದೊಡ್ಡ ಉಪಕಾರ.

ಕಾನೂನು ನಿಧಾನವಾಗಿಯಾದರೂ ಇತ್ತ ತಿರುಗುತ್ತಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಕೆಡಿಸುವ ತಂತ್ರಾಂಶ ಸೇರಿಸಿದವರನ್ನು ಪರಿಹಾರಕ್ಕೆ ಹೊಣೆ ಮಾಡುತ್ತದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿತು. ವೇಷ ಹಾಕಿದ ಜಾಹೀರಾತು, ವೈರಸ್ ಬಂದಿದೆ ಎಂದು ಹೆದರಿಸುವುದು, ಬೇಡ ಎನ್ನುವ ಗುಂಡಿಯನ್ನು ಮಂಕಾಗಿಸುವುದು ಎಲ್ಲವೂ ಆ ಪಟ್ಟಿಯೊಳಗೆ ಬರುತ್ತವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ಕನ್ನಡ ಆ ಪರಿಚ್ಛೇದದಲ್ಲಿದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇಂಥ ಮೋಸದ ಪರದೆಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.