ಎರಡು ನಿಮಿಷದ ಸೂರ್ಯ

ಹೋದ ತಿಂಗಳು ನಮ್ಮ ಆಫೀಸಿನ ಟೆರೇಸ್ ಮೇಲೆ ಸಹೋದ್ಯೋಗಿಯೊಬ್ಬ ಜೇಬಿನಿಂದ ತನ್ನ ಹೊಸ ಟಾರ್ಚ್ ತೆಗೆದ. ಬೆರಳುದ್ದದ್ದು. ಗುಂಡಿ ಒತ್ತಿದ್ದೇ ತಡ, ರಸ್ತೆಯಾಚೆಯ ಅಪಾರ್ಟ್‌ಮೆಂಟಿನ ಗೋಡೆ ಹಗಲಾಯ್ತು. ಯಾರೋ ಬಾಲ್ಕನಿಗೆ ಬಂದು ಬೈದರು. ನಾವೆಲ್ಲ ನಕ್ಕೆವು. "ಎಷ್ಟು ಲ್ಯುಮೆನ್?" ಅಂತ ನಾಲ್ಕು ಜನ ಒಟ್ಟಿಗೇ ಕೇಳಿದರು. "2000" ಅಂದ. "ಎಷ್ಟು ಹೊತ್ತು?" ಅಂತ ನಾನು ಕೇಳಿದೆ. ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಕೈ ಸುಟ್ಟು, ಟಾರ್ಚನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡ.

ಅವನನ್ನು ಗೇಲಿ ಮಾಡೋಕೆ ಇದನ್ನು ಬರೀತಿಲ್ಲ. ಮೂರು ವರ್ಷದ ಹಿಂದೆ ನಾನು ಅವನಿಗಿಂತ ಒಂದು ಕೈ ಮೇಲಿದ್ದೆ. ಅವನು ಕೊಂಡುಕೊಂಡ, ನಾನು ಕೂತು ಮಾಡಿದ್ದೆ. ಎಸ್.ಪಿ. ರೋಡ್ ಸುತ್ತಿ ಎಲ್‌ಇಡಿ, ತಾಮ್ರದ ಬೋರ್ಡು, ಸ್ವಿಚ್ಚು ಎಲ್ಲ ತಂದು, ಪುಟ್ಟ ಮೈಕ್ರೊಕಂಟ್ರೋಲರಿಗೆ ನಾನೇ ಕೋಡ್ ಬರೆದು, ಅಂಗೈಲಿ ಮುಚ್ಚಿಹೋಗುವಂಥ 2000 ಲ್ಯುಮೆನ್ನಿನ ಟಾರ್ಚ್ ಕಟ್ಟಿದ್ದೆ. ಅದನ್ನು ಹಿಡ್ಕೊಂಡು ಹೆಮ್ಮೆಯಿಂದ ರೈಲು ಹತ್ತಿದೆ. ವಾಡಿಯಲ್ಲಿ ಇಳಿದು, ಚಿತ್ತಾಪುರ ದಾಟಿ, ಸೇಡಂ ತಾಲೂಕಿನ ನಮ್ಮೂರಿಗೆ ಹೋಗಿ ಕಾಕಾನ ಕೈಗೆ ಕೊಟ್ಟೆ.

ನಮ್ಮ ಕಡೆ ಟಾರ್ಚ್ ಅನ್ನೋ ಶಬ್ದ ಅಷ್ಟು ಓಡಲ್ಲ. ಅದು "ಬ್ಯಾಟ್ರಿ". ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿರುತ್ತಾರೆ. ಅದರ ಕೆಳಗೆ ಚಪ್ಪಲಿ, ಮೂಲೆಯಲ್ಲಿ ಬಡಿಗೆ. ಮೂರೂ ಒಂದೇ ಜಾತಿಯ ಸಾಮಾನು. ರಾತ್ರಿ ಹೊರಗೆ ಕಾಲಿಡಬೇಕಾದವರು ಮೂರನ್ನೂ ತಗೊಂಡು ಹೊರಡ್ತಾರೆ. ಹೊಲದ ಮೋಟಾರಿಗೆ ಬೇಕಾದ ಮೂರು ಫೇಸ್ ಕರೆಂಟು ಬಹಳ ಸಲ ಬರೋದೇ ರಾತ್ರಿ. ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೆ, ಎರಡಕ್ಕೆ ಬಂದರೆ ಎರಡಕ್ಕೆ. ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು, ಬದುವಿನ ಮೇಲೆ ನಡೆದು ನೀರು ತಿರುವಬೇಕು.

ಕಾಕಾ ಎರಡು ರಾತ್ರಿ ನನ್ನ ಟಾರ್ಚ್ ಒಯ್ದರು. ಮೊದಲ ರಾತ್ರಿಯ ವರದಿ: "ಬಾಯಾಗ ಹಿಡಿಲಾಕ ಬರಲ್ದು, ಸುಡ್ತದ." ಸ್ಟಾರ್ಟರ್ ಡಬ್ಬಿ ತೆಗೆದು ಫ್ಯೂಸ್ ಹಾಕುವಾಗ ಎರಡೂ ಕೈ ಬೇಕು, ಬ್ಯಾಟ್ರಿ ಹಲ್ಲಲ್ಲಿ ಇರುತ್ತೆ. ಇದು ನನ್ನ ಸ್ಪೆಸಿಫಿಕೇಶನ್ನಿನಲ್ಲೇ ಇರಲಿಲ್ಲ.

ಎರಡನೇ ರಾತ್ರಿ ಹೊಲದ ನಡುವೆ ಟಾರ್ಚ್ ಆರಿಹೋಯ್ತು. ಸೆಲ್ ಖಾಲಿ ಆಗಿರಲಿಲ್ಲ, ನನ್ನ ಕೋಡಿನಲ್ಲೇ ತಪ್ಪಿತ್ತು. ವೋಲ್ಟೇಜ್ 3.0ಕ್ಕೆ ಇಳಿದರೆ ಸೆಲ್ ಉಳಿಸಲು ಬಂದ್ ಮಾಡು ಅಂತ ಬರೆದಿದ್ದೆ. ಆದರೆ ಪೂರ್ತಿ ಬೆಳಕಿನಲ್ಲಿ ಸೆಲ್ ಮೇಲೆ ಭಾರ ಬಿದ್ದಾಗ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತೆ. ಭಾರ ಇಳಿಸಿದರೆ ಮತ್ತೆ ಏರುತ್ತೆ. ನನ್ನ ಕೋಡು ಆ ಕುಸಿತ ನೋಡಿ, ಸೆಲ್‌ನಲ್ಲಿ ಇನ್ನೂ ಗಂಟೆಗಟ್ಟಲೆ ಸಣ್ಣ ಬೆಳಕಿಗೆ ಸಾಕಾಗುವಷ್ಟು ಜೀವ ಇರುವಾಗಲೇ ಕತ್ತು ಹಿಸುಕಿತು. ಸೆಲ್ ಉಳೀತು. ಕಾಕಾ ಕಗ್ಗತ್ತಲಲ್ಲಿ, ಬಡಿಗೆಯಿಂದ ನೆಲ ಕುಟ್ಟುತ್ತಾ, ಹೆಜ್ಜೆ ಅಪ್ಪಳಿಸುತ್ತಾ ಇಪ್ಪತ್ತು ನಿಮಿಷ ನಡೆದು ಮನೆಗೆ ಬಂದರು. ಬಂದವರು ಬೈಯಲಿಲ್ಲ. ಟಾರ್ಚ್ ನನ್ನ ಕೈಗಿಟ್ಟು, "ಬೆಳಕು ಕಮ್ಮಿ ಆದ್ರೂ ನಡೀತದ ತಮ್ಮಾ, ಹೇಳದೆ ಕೇಳದೆ ಹೋಗಬಾರ್ದು ನೋಡು" ಅಂದರು. ತಮ್ಮ ಹಳೇ ಬ್ಯಾಟ್ರಿ ಮೊಳೆಗೆ ಹಾಕಿ ಮಲಗಿದರು.

ಆ ಇಪ್ಪತ್ತು ನಿಮಿಷದಲ್ಲಿ ಏನಾಗಬಹುದಿತ್ತು ಅಂತ ಪಟ್ಟಣದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕು. ಕೊಳಕು ಮಂಡಲ ರಾತ್ರಿ ಓಡಾಡುವ ಹಾವು. ಎಷ್ಟೋ ಸಲ ಮನುಷ್ಯ ಬಂದರೂ ಸರಿಯೋದಿಲ್ಲ, ಇದ್ದಲ್ಲೇ ಸುತ್ತಿಕೊಂಡು ಕೂತಿರುತ್ತೆ. ಕಟ್ಟು ಹಾವು ನೆಲದ ಮೇಲೆ ಮಲಗಿದವರ ಹಾಸಿಗೆಗೇ ಬರುತ್ತೆ, ಕಚ್ಚಿದರೆ ನೋವು ಕೂಡ ಸರಿಯಾಗಿ ಗೊತ್ತಾಗಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ಅಂದ್ರೆ ವರ್ಷಕ್ಕೆ ಸರಾಸರಿ 58,000 ಜನ, ಬಹುಪಾಲು ಹಳ್ಳಿಯವರು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಹಾಗಾಗಿ ಟಾರ್ಚ್ ಅನ್ನೋದು ಆಟಿಕೆ ಅಂತ ನನಗೆ ಯಾರೂ ಹೇಳಬೇಡಿ. ಅದನ್ನು ಆಟಿಕೆ ಮಾಡಿದವರು ನಾವು. ಲ್ಯುಮೆನ್ ಅನ್ನೋ ಒಂದೇ ಅಂಕಿ ಹಿಡ್ಕೊಂಡು ಓಡಿದ ನಾವು.

ಲೆಕ್ಕ ಹಾಕಿ ನೋಡೋಣ. ಒಳ್ಳೆ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯುಮೆನ್ ಕೊಡುತ್ತೆ ಅಂದ್ಕೊಳ್ಳಿ. 2000 ಲ್ಯುಮೆನ್ನಿಗೆ 20 ವ್ಯಾಟ್ ಬೇಕು. ಅದರಲ್ಲಿ ಹೆಚ್ಚುಕಮ್ಮಿ 14 ವ್ಯಾಟ್ ಬಿಸಿಯಾಗಿ ಹೋಗುತ್ತೆ. ಜೇಬಿನ ಟಾರ್ಚಿನ ಅಲ್ಯುಮಿನಿಯಂ ಮೈ ಹತ್ತಿರ ಹತ್ತಿರ 100 ಗ್ರಾಂ. ಅಷ್ಟು ಲೋಹ ಒಂದು ಡಿಗ್ರಿ ಬಿಸಿಯಾಗಲು 90 ಜೌಲ್ ಸಾಕು. ಅಂದ್ರೆ ಆರು ಸೆಕೆಂಡಿಗೊಂದು ಡಿಗ್ರಿ ಏರುತ್ತೆ. ಬೇಸಿಗೆ ರಾತ್ರಿ 32 ಡಿಗ್ರಿಯಲ್ಲಿ ಹಚ್ಚಿದರೆ ಎರಡೂವರೆ, ಮೂರು ನಿಮಿಷದಲ್ಲಿ 60ರ ಹತ್ತಿರ. ಹಿಡಿಯೋಕಾಗಲ್ಲ. ಅಲ್ಲಿಗೆ ಕೋಡು ಬೆಳಕನ್ನು ಇಳಿಸಲೇಬೇಕು. ಇದು ಯಾವ ಕಂಪನಿಯ ಮೋಸವೂ ಅಲ್ಲ, ಭೌತಶಾಸ್ತ್ರ. ಸಣ್ಣ ಮೈಗೆ ಬಿಸಿ ಹೊರಹಾಕುವ ಜಾಗ ಇಲ್ಲ.

ಮೋಸ ಇರೋದು ಹೇಳುವ ರೀತಿಯಲ್ಲಿ. 2009ರಲ್ಲಿ ಟಾರ್ಚುಗಳಿಗೆ ಎಫ್ಎಲ್-1 ಅಂತ ಒಂದು ಅಮೆರಿಕನ್ ಮಾನದಂಡ ಬಂತು. ಒಳ್ಳೆ ಉದ್ದೇಶದ್ದೇ, ಅದಕ್ಕೂ ಮೊದಲು ಮನಸ್ಸಿಗೆ ಬಂದ ಅಂಕಿ ಅಚ್ಚು ಹಾಕುತ್ತಿದ್ದರು. ಆದರೆ ಅದರ ಪ್ರಕಾರ ಲ್ಯುಮೆನ್ ಅಳೆಯೋದು ಹಚ್ಚಿದ 30ನೇ ಸೆಕೆಂಡಿನಿಂದ 120ನೇ ಸೆಕೆಂಡಿನ ಒಳಗೆ. ಬೆಳಕು ಎಷ್ಟು ಹೊತ್ತು ಬರುತ್ತೆ ಅನ್ನೋದನ್ನು ಎಣಿಸೋದು ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ಈಗ ಎರಡನ್ನೂ ಜೋಡಿಸಿ. "2000 ಲ್ಯುಮೆನ್, 3 ಗಂಟೆ" ಅಂತ ಡಬ್ಬಿ ಮೇಲೆ ಅಚ್ಚಾಗಿದ್ದರೆ, ಮೊದಲ ಎರಡು ನಿಮಿಷ 2000, ಉಳಿದ ಹೊತ್ತೆಲ್ಲ 250 ಇದ್ದರೂ ಅದು ನಿಯಮದ ಪ್ರಕಾರ ನಿಜವೇ. ನಾವು ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ಡೆಮೋದಲ್ಲಿ ಓಡಿ ಪ್ರೊಡಕ್ಷನ್ನಿನಲ್ಲಿ ಮಕಾಡೆ ಬೀಳುವ ಸರ್ವರನ್ನು ನಾವೆಲ್ಲ ನೋಡಿದ್ದೇವೆ. ಆಫೀಸಿನಲ್ಲಿ ಯಾರಾದರೂ ಹೀಗೆ ಬೆಂಚ್‌ಮಾರ್ಕ್ ತೋರಿಸಿದರೆ ಮೀಟಿಂಗಿನಲ್ಲೇ ಹರಿದುಹಾಕ್ತೀವಿ. ಅದೇ ಅಂಕಿ ಟಾರ್ಚಿನ ಡಬ್ಬಿ ಮೇಲಿದ್ದರೆ ಕಾರ್ಡ್ ತೆಗೆದು ಉಜ್ಜುತ್ತೇವೆ.

ಒಂದು ಹಳೇ ಸಂಗತಿ. 1899ರಲ್ಲಿ ಅಮೆರಿಕದಲ್ಲಿ ಕೈಲಿ ಹಿಡಿಯುವ ವಿದ್ಯುತ್ ದೀಪಕ್ಕೆ ಪೇಟೆಂಟ್ ಸಿಕ್ಕಾಗ ಅದರ ಸೆಲ್ಲು, ಬಲ್ಬು ಎರಡೂ ಎಷ್ಟು ದುರ್ಬಲ ಅಂದ್ರೆ, ಬಿಟ್ಟುಬಿಟ್ಟು ಕ್ಷಣಕಾಲ ಮಿಂಚಿಸಬಹುದಿತ್ತು ಅಷ್ಟೆ. ಫ್ಲ್ಯಾಶ್‌ಲೈಟ್ ಅನ್ನೋ ಹೆಸರು ಬಂದದ್ದೇ ಹಾಗಂತೆ. ಆಮೇಲೆ ನೀಲಿ ಎಲ್‌ಇಡಿ ಬಂತು, ಅದನ್ನು ಮಾಡಿದ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು, ಲಿಥಿಯಂ ಸೆಲ್ ಬಂತು. ಇಷ್ಟೆಲ್ಲ ಆದಮೇಲೆ ನಾವು ಮಾಡಿದ್ದೇನು? ಮತ್ತೆ ಎರಡು ನಿಮಿಷ ಮಿಂಚಿ ಸೋಲುವ ಸಾಮಾನು.

ಲ್ಯುಮೆನ್ ಓಟ ಬೆಳಕಿನ ಗುಣವನ್ನೂ ತಿಂದುಹಾಕಿದೆ. ಒಂದೇ ಎಲ್‌ಇಡಿಯನ್ನು ಬಣ್ಣ ಸರಿಯಾಗಿ ಕಾಣುವಂತೆ ಮಾಡಿದರೆ ಅದರ ಲ್ಯುಮೆನ್ ಇಳಿಯುತ್ತೆ. ತಣ್ಣನೆಯ ನೀಲಿ ಬಿಳುಪು ಕೊಟ್ಟರೆ ಏರುತ್ತೆ. ಅಂಕಿಗೆ ದುಡ್ಡು ಸಿಗುವ ಸಂತೆಯಲ್ಲಿ ಯಾರು ಬಣ್ಣ ಕೊಡ್ತಾರೆ? ಆದರೆ ತೊಗರಿ ಹೊಲದ ಒಣ ಎಲೆ ಕಂದು, ಕೊಳಕು ಮಂಡಲವೂ ಕಂದು. ನೀಲಿ ಬೆಳಕಿನಲ್ಲಿ ಎರಡೂ ಒಂದೇ ಬೂದಿ. ಇನ್ನು ಕಣ್ಣಿನ ಲೆಕ್ಕವೇ ಬೇರೆ. ಎರಡು ಪಟ್ಟು ಬೆಳಕಾಯ್ತು ಅನ್ನಿಸಬೇಕಾದರೆ ಸುಮಾರು ನಾಲ್ಕು ಪಟ್ಟು ಲ್ಯುಮೆನ್ ಬೇಕು. 1000ಕ್ಕೂ 2000ಕ್ಕೂ ಇರುವ ವ್ಯತ್ಯಾಸ ಡಬ್ಬಿ ಮೇಲೆ ಕಾಣುವಷ್ಟು ಕಣ್ಣಿಗೆ ಕಾಣಲ್ಲ. ಮೇಲಾಗಿ, ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಒಮ್ಮೆ ಕಣ್ಣು ಕುಕ್ಕಿಸಿ ಆರಿಸಿದರೆ ಕತ್ತಲು ಮೊದಲಿಗಿಂತ ಗಟ್ಟಿಯಾಗುತ್ತೆ.

ಹಾಗಾದರೆ ಏನು ಬೇಕು? ಅದನ್ನು ಡಬ್ಬಿ ನೋಡಿ ಹೇಳೋಕಾಗಲ್ಲ, ಊರು ನೋಡಿ ಹೇಳಬೇಕು. ಸೇಡಂನ ಎರೆ ಮಣ್ಣು ಬೆಳಕು ನುಂಗುತ್ತೆ, ಹಸಿಯಾದರೆ ಇನ್ನೂ ಜಾಸ್ತಿ. ಅಲ್ಲಿ ಕಾಲಬುಡದಿಂದ ಐದಾರು ಮಾರು ದೂರದವರೆಗೆ ಹರಡಿ ಬೀಳುವ ಬೆಳಕು ರಾತ್ರಿಪೂರ್ತಿ ಬೇಕು. ಚಿತ್ತಾಪುರದ ಕಡೆ ತೊಗರಿ ಕಣದಲ್ಲಿ ರಾಶಿ ಕಾಯುತ್ತಾ ಮಲಗಿದವರಿಗೆ ಪಕ್ಕದವರ ನಿದ್ದೆ ಕೆಡಿಸದ ಸಣ್ಣ ಬೆಳಕು ಬೇಕು. ಶಹಾಬಾದಿನಲ್ಲಿ ಫರ್ಸಿ ಕಲ್ಲು ಪೇರಿಸಿಟ್ಟಿರುತ್ತಾರೆ. ನಿಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಸಿದ್ದೂ ಬಹುಶಃ ಅದೇ ಕಲ್ಲು. ಆ ಸಂದಿಯೊಳಗೆ ಕೈ ಹಾಕುವ ಮುಂಚೆ ಬಣ್ಣ ನಿಜವಾಗಿ ತೋರಿಸುವ ಬೆಳಕು ಬೇಕು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಧೂಳು, ಬೆವರು, ಬೀಳಿಸುವಿಕೆ ಎಲ್ಲ ತಡೆಯುವ ಮೈ ಬೇಕು. ಚಿಂಚೋಳಿ ಕಾಡಂಚಿನ ತಾಂಡಾಗಳಲ್ಲಿ ಹಂದಿ ಕಾಯುವವರಿಗೆ ಮಾತ್ರ ದೂರ ಹೋಗುವ ಬೆಳಕು ಬೇಕು. ಅದಕ್ಕೂ ಲ್ಯುಮೆನ್ ಉತ್ತರ ಅಲ್ಲ. ದೂರ ನಿರ್ಧರಿಸೋದು ಕ್ಯಾಂಡೆಲಾ, ಅಂದ್ರೆ ಬೆಳಕು ಎಷ್ಟು ಬಿಗಿಯಾಗಿ ಒಂದು ಕಡೆ ಸೇರಿದೆ ಅನ್ನೋದು. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್ ಆಚೆ ಹುಣ್ಣಿಮೆಯಷ್ಟು ಬೆಳಕು ಬೀಳುತ್ತೆ. ಒಳ್ಳೆ ರಿಫ್ಲೆಕ್ಟರ್ ಇದ್ದರೆ ಕಮ್ಮಿ ಲ್ಯುಮೆನ್ನಿನಲ್ಲೂ ಇದು ಸಾಧ್ಯ.

"ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ" ಅಂತೀರಿ. ಇದೆ. ಕೆಸರುಗೈಲಿ ಗಾಜಿನ ಪರದೆ ಉಜ್ಜಿ ಅದನ್ನು ಹುಡುಕಬೇಕು, ಮತ್ತೆ ಹಾವು ಕಡಿದರೆ ಫೋನ್ ಮಾಡೋಕೆ ಅದರಲ್ಲೇ ಚಾರ್ಜ್ ಉಳಿದಿರಬೇಕು. "ಹಗಲು ಕರೆಂಟು ಕೊಟ್ಟರೆ ಈ ತಾಪತ್ರಯವೇ ಇಲ್ಲ" ಅಂತಲೂ ಅಂತೀರಿ. ನೂರಕ್ಕೆ ನೂರು ಒಪ್ಪುತ್ತೇನೆ. ಕುಸುಮ್ ಯೋಜನೆಯ ಸೌರ ಫೀಡರುಗಳು ಬೇಗ ಎಲ್ಲ ಕಡೆ ಬರಲಿ. ಟಾರ್ಚ್ ಕೊಟ್ಟೆವು ಅಂತ ರಾತ್ರಿ ಕರೆಂಟನ್ನು ಯಾರೂ ಸಮರ್ಥಿಸಿಕೊಳ್ಳಬಾರದು. ಆದರೆ ಆ ಫೀಡರ್ ಬರುವವರೆಗೂ, ಬಂದಮೇಲೂ, ರಾತ್ರಿ ಬಯಲಿಗೆ ಹೋಗುವ ಹೆಂಗಸರಿಗೆ, ಕೊಟ್ಟಿಗೆಗೆ ಹೋಗುವ ಮುದುಕರಿಗೆ ಕತ್ತಲು ಇದ್ದೇ ಇರುತ್ತೆ.

"ಅಂಥ ಟಾರ್ಚಿಗೆ ಗಿರಾಕಿ ಎಲ್ಲಿ?" ಅನ್ನೋದು ಮೂರನೇ ಮಾತು. ಸಂತೆಯಲ್ಲಿ ಸಿಗುವ ಗೋಡೆಗೆ ಚುಚ್ಚಿ ಚಾರ್ಜ್ ಮಾಡುವ ಪ್ಲಾಸ್ಟಿಕ್ ಬ್ಯಾಟ್ರಿಗಳನ್ನು ನೋಡಿದ್ದೀರಾ? ಒಳಗೆ ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ನಾಲ್ಕು ದಿನ ಖಾಲಿ ಬಿಟ್ಟರೆ ಅದು ಚಾರ್ಜ್ ಹಿಡಿಯೋದು ನಿಲ್ಲಿಸುತ್ತೆ, ಬದಲಿಸೋಕೂ ಬರಲ್ಲ. ನಮ್ಮನೆ ಅಟ್ಟದ ಮೇಲೆ ಅಂಥವು ಆರು ಸತ್ತು ಬಿದ್ದಿವೆ. ಆರಕ್ಕೂ ದುಡ್ಡು ಕೊಟ್ಟಿದ್ದು ಈ ಗಿರಾಕಿಯೇ.

ಎರಡನೇ ಟಾರ್ಚ್ ಕಟ್ಟಲು ನನಗೆ ಎಂಟು ತಿಂಗಳು ಹಿಡೀತು. ಒಂದೇ 18650 ಸೆಲ್, ಎಲ್ಲಿ ಬೇಕಾದರೂ ಬದಲಿಸುವಂಥದ್ದು. ಒಳ್ಳೆ ಸೆಲ್ಲಿನಲ್ಲೂ 3500 ಎಂಎಎಚ್ ಆಸುಪಾಸು ಇರುತ್ತೆ, 9900 ಅಂತ ಬರೆದಿರೋದನ್ನು ಮುಟ್ಟಬೇಡಿ. ಸ್ವಲ್ಪ ಹಳದಿ ಛಾಯೆಯ, ಬಣ್ಣ ಸರಿಯಾಗಿ ತೋರಿಸುವ ಎಲ್‌ಇಡಿ. ಮೂರೇ ಹಂತ: 5, 80, 400 ಲ್ಯುಮೆನ್. ಮೊದಲ ಒತ್ತಿಗೆ ಯಾವತ್ತೂ 80, ಅದರಲ್ಲಿ ಹದಿಮೂರು, ಹದಿನಾಲ್ಕು ಗಂಟೆ ಉರಿಯುತ್ತೆ. ಒತ್ತಿ ಹಿಡಿದರೆ 400. ಮಿಣಮಿಣ ಡಿಸ್ಕೋ ಬೆಳಕು ಇಲ್ಲವೇ ಇಲ್ಲ, ಗಾಬರಿಯಲ್ಲಿ ಒತ್ತಿದವರಿಗೆ ಅದು ಬಂದರೆ ಮುಗೀತು. ಸೆಲ್ ಇಳಿಯುತ್ತಾ ಬಂದರೆ ಎರಡು ಸಲ ಕಣ್ಣು ಹೊಡೆದು ಹೇಳುತ್ತೆ, ಆಮೇಲೆ ತಾನೇ 5ಕ್ಕೆ ಇಳಿದು ಮನೆ ಮುಟ್ಟಿಸುತ್ತೆ. ಈ ಕೊನೆಯ ಸಾಲಿನ ಕೋಡಿಗೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ.

ಅದಾದ ಮೇಲೂ ಕಾಕಾ ಮೂರು ಸಲ ವಾಪಸ್ ಕೊಟ್ಟರು. ಗುಂಡಿ ನುಣುಪಾಗಿದೆ, ಕತ್ತಲಲ್ಲಿ ಬೆರಳಿಗೆ ಸಿಗಲ್ಲ. ಬದುವಿನ ಮೇಲಿಟ್ಟರೆ ಉರುಳಿ ನೀರಿಗೆ ಬೀಳುತ್ತೆ. ಮೊಳೆಗೆ ಹಾಕಲು ದಾರ ಇಲ್ಲ. ಮೂರನ್ನೂ ಸರಿಮಾಡಿದೆ. ಈಗ ಅದು ಮೊಳೆಯ ಮೇಲಿದೆ. ಹಳೇದೂ ಪಕ್ಕದಲ್ಲೇ ಇದೆ, ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ.

ನೀವು ಟಾರ್ಚ್ ಕಟ್ಟಬೇಕಾಗಿಲ್ಲ. ಆದರೆ ಈ ಸಲ ದೀಪಾವಳಿಗೆ ಊರಿಗೆ ಹೋಗುವಾಗ ಅಪ್ಪನಿಗೋ ದೊಡ್ಡಪ್ಪನಿಗೋ ಒಂದು ತಗೊಳ್ಳೋದಾದರೆ ಲ್ಯುಮೆನ್ ನೋಡಬೇಡಿ. ಅರ್ಧ ಗಂಟೆ ಆದಮೇಲೆ ಎಷ್ಟು ಬೆಳಕು ಉಳಿದಿರುತ್ತೆ, ಸೆಲ್ ತೆಗೆದು ಹಾಕಬಹುದಾ, ಒಂದೇ ಒತ್ತಿಗೆ ಏನು ಬರುತ್ತೆ, ಆರುವ ಮುಂಚೆ ಹೇಳುತ್ತಾ ಅಂತ ಕೇಳಿ. ಅಂಗಡಿಯವನಿಗೆ ಗೊತ್ತಿರಲ್ಲ. ಪರವಾಗಿಲ್ಲ, ಕೇಳಿ. ಕೇಳುವವರು ಹೆಚ್ಚಾದರೆ ಡಬ್ಬಿ ಮೇಲಿನ ಅಂಕಿ ಬದಲಾಗುತ್ತೆ. ಮೊದಲ ವಾರ ಅದನ್ನು ಅವರ ಕೈಗೆ ಕೊಟ್ಟು, ನೀವೂ ಅವರ ಹಿಂದೆ ಒಂದು ರಾತ್ರಿ ಹೊಲಕ್ಕೆ ಹೋಗಿ ಬನ್ನಿ. ಬೂಟು ಹಾಕ್ಕೊಂಡು ಹೋಗಿ.