ಒಣಕಾಡೆಂಬ ಮೂಲಧನ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ಸುಮಾರು 80 ಕಿ.ಮೀ. ಹಾದಿಯಲ್ಲಿ ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗಳಂದು ಭಕ್ತರ ಪ್ರವಾಹವೇ ಹರಿಯುತ್ತದೆ. ಆದರೆ ಇಕ್ಕೆಲಗಳ ಒಣ ಎಲೆಯುದುರುವ ಕಾಡು ಹಾಗೂ ಮುಳ್ಳುಕುರುಚಲು ಕೂಡ ನೋಡತಕ್ಕ ತಾಣವೆಂಬ ಅರಿವು ವರ್ತಕ ವಲಯದಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ.

ಕಾವೇರಿ ವನ್ಯಜೀವಿಧಾಮವು 1987ರಲ್ಲಿಯೂ ಮಲೆ ಮಹದೇಶ್ವರ ವನ್ಯಜೀವಿಧಾಮವು 2013ರಲ್ಲಿಯೂ ಘೋಷಿತವಾದವು. ಅಪರೂಪದ ಬೂದುಬಣ್ಣದ ದೊಡ್ಡ ಅಳಿಲಿಗೆ ಕಾವೇರಿ ತೀರದ ಮರಗಳೇ ಆಶ್ರಯ. ವೀರಪ್ಪನ್ ಹುಟ್ಟೂರಾದ ಗೋಪಿನಾಥಂ ಪ್ರದೇಶಕ್ಕೆ ಕಾಲಿಡಲು ಒಂದು ಕಾಲಕ್ಕೆ ಜನ ಅಂಜುತ್ತಿದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರಲ್ಲಿ ಆತನಿಂದ ಹತರಾದರು. 2004ರ ಅಕ್ಟೋಬರ್ 18ರಂದು ಆತನ ಅಂತ್ಯವಾದ ತರುವಾಯ, ಅದೇ ಗೋಪಿನಾಥಂನಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯು ಪ್ರವಾಸಿ ಶಿಬಿರ ತೆರೆಯಿತು.

ಭಯವೇನೋ ಅಳಿಯಿತು, ಲೆಕ್ಕ ಮಾತ್ರ ಸರಿಹೋಗಲಿಲ್ಲ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿಹುಲಿ ಹಾಗೂ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಈ ಕೃತ್ಯ ಅಕ್ಷಮ್ಯ. ಆದರೂ ವಾಣಿಜ್ಯ ದೃಷ್ಟಿಯಿಂದ ಒಂದು ಪ್ರಶ್ನೆ ಉಳಿಯುತ್ತದೆ: ಹಸು ಕಳೆದುಕೊಂಡವನ ಖಾತೆಯಲ್ಲಿ ಹುಲಿಯು ಬರೀ ನಷ್ಟವಾಗಿಯೇ ನಮೂದಾದರೆ, ಅದನ್ನು ಕಾಯುವವರಾರು? ಕಾಡು ಮೂಲಧನ, ಪ್ರವಾಸಿಗರ ಹಣ ಅದರ ಬಡ್ಡಿ. ಬಡ್ಡಿಯಲ್ಲಿ ಪಾಲಿಲ್ಲದವನಿಗೆ ಅಸಲಿನ ಚಿಂತೆ ಇರುವುದಿಲ್ಲ.

ದೊಡ್ಡ ರೆಸಾರ್ಟುಗಳು ಬಂದರೆ ಎಲ್ಲವೂ ಸರಿಹೋಗುತ್ತದೆಂಬ ವಾದ ಕೇಳಿಬರುತ್ತದೆ. ಮಳೆ ಕಡಿಮೆಯಿರುವ ಈ ನೆಲದಲ್ಲಿ ಅವುಗಳಿಗೆ ಬೇಕಾಗುವ ನೀರು ಎಲ್ಲಿಂದ ಬರಬೇಕು? ತೆರಿಗೆಯ ಲೆಕ್ಕವೂ ಸಣ್ಣವರ ಪರವಾಗಿಯೇ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆಯಾದರೂ ಹೂಡುವಳಿ ತೆರಿಗೆಯ ಜಮೆ ದೊರೆಯದು. ಕಟ್ಟಡ, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆ ಮಾಲೀಕನ ಮೇಲೆಯೇ ಬೀಳುತ್ತದೆ. ಆದರೆ ಮನೆಯ ಎರಡು ಕೊಠಡಿಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಕುಟುಂಬದ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದಲ್ಲಿ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ.

ಆದುದರಿಂದ ಕೊಳ್ಳೇಗಾಲದ ವರ್ತಕ ಬಾಂಧವರು ಕಾಡಂಚಿನ ಗ್ರಾಮಗಳೊಡನೆ ನೇರ ವ್ಯವಹಾರಕ್ಕೆ ಇಳಿಯುವುದು ಅಗತ್ಯ. ಸೋಲಿಗರ ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳನ್ನು ಅವರ ಸಹಕಾರ ಸಂಘಗಳಿಂದ ನ್ಯಾಯಬೆಲೆಗೆ ಕೊಂಡು, ಇಲ್ಲಿನ ರೇಷ್ಮೆಯ ಜೊತೆಗೇ ಮಾರಬಹುದು. ಬಾಡಿಗೆ ವಾಹನಗಳಿಗೆ ಅದೇ ಗ್ರಾಮಗಳ ಯುವಕರನ್ನು ಚಾಲಕರನ್ನಾಗಿ ನೇಮಿಸಬಹುದು. ಇದು ದಾನಧರ್ಮವಲ್ಲ, ಮೂಲಧನದ ರಕ್ಷಣೆಗೆ ಮಾಡುವ ವೆಚ್ಚ. ಸವಕಳಿಗೆ ಹಣ ತೆಗೆದಿಡದ ಕಾರ್ಖಾನೆ ಒಂದು ದಿನ ಯಂತ್ರವನ್ನೇ ಕಳೆದುಕೊಳ್ಳುತ್ತದೆ. ಕಾಡಿನ ವಿಷಯದಲ್ಲಿ ಹೊಸ ಯಂತ್ರ ಕೊಳ್ಳುವ ಅಂಗಡಿಯೂ ಇಲ್ಲ.